ಇಲ್ಲವಾದರೆ ಎರಡನ್ನು ಒತ್ತಿ

ಆರ್.ಟಿ. ನಗರದ ಆ ಮನೆಯ ಕಿಟಕಿ ಕಟ್ಟೆಯ ಮೇಲೆ ರಾತ್ರಿಯಿಡೀ ಎರಡು ಫೋನುಗಳು ಪಕ್ಕಪಕ್ಕ ಮಲಗಿರುತ್ತವೆ. ಒಂದು ತಾಯಿಯದು, ಇನ್ನೊಂದು ಮಗಳದು. ನಸುಕಿನಲ್ಲಿ ಎರಡರಲ್ಲಿ ಯಾವುದು ಹೊಡೆದುಕೊಂಡರೂ ಅರ್ಥ ಒಂದೇ. ಎಲ್ಲೋ ಏನೋ ಸತ್ತಿದೆ.

ಆಜಾನ್ ಮುಗಿದಿದೆ, ಬೀದಿ ಇನ್ನೂ ಮಾತು ಶುರುಮಾಡಿಲ್ಲ. ಗುರುವಾರ. ಒಂದು ಫೋನು ಕಲ್ಲಿನ ಮೇಲೆ ನಡುಗುತ್ತ ಅಂಚಿನ ಕಡೆಗೆ ಜರುಗುತ್ತದೆ.

"ಕಿಸ್ಕಾ?" ಯಾರದೆಂದು ತಾಯಿ ಅಕ್ಬರಿ ಮುಸುಕಿನೊಳಗಿಂದಲೇ ಕೇಳುತ್ತಾರೆ.

"ಮೇರಾಚ್, ಅಮ್ಮಿ." ನನ್ನದೇ ಎನ್ನುತ್ತಾರೆ ಅಮ್ರೀನ್.

ಅಕ್ಬರಿ ಮಗ್ಗುಲು ಬದಲಿಸುತ್ತಾರೆ. ಫೋನು ಅವರದಾಗಿದ್ದರೆ ಸುತ್ತಮುತ್ತ ಯಾರದೋ ಮನೆಯಲ್ಲಿ ಒಬ್ಬ ಹೆಂಗಸು ತೀರಿಕೊಂಡಿರುತ್ತಿದ್ದಳು. ಮೈ ತೊಳೆದು ಕಫನ್ ಉಡಿಸಲು ಅವರು ಏಳಬೇಕಾಗುತ್ತಿತ್ತು. ಹೊಡೆದುಕೊಂಡದ್ದು ಮಗಳ ಫೋನು. ಹಾಗಾಗಿ ಸತ್ತಿರುವುದು ಸರ್ವರ್.

ಅಮ್ರೀನ್ ಗೋಡೆಗೆ ಒರಗಿ ಲ್ಯಾಪ್‌ಟಾಪ್ ತೆರೆಯುತ್ತಾರೆ. ಪರದೆಯ ಮೇಲೆ ಉತ್ತರ ಬೆಂಗಳೂರಿನ ನಕ್ಷೆ, ಅದರ ತುಂಬ ಹಸಿರು ಚುಕ್ಕಿಗಳು. ಒಂದೊಂದು ಚುಕ್ಕಿಯೂ ಒಂದೊಂದು ಗಾಡಿ. ಎಲ್ಲವೂ ಸರಿಯಾಗಿರುವಂತೆ ಕಾಣುತ್ತದೆ. ಆದರೆ ಯಾವ ಚುಕ್ಕಿಯೂ ಅಲುಗುತ್ತಿಲ್ಲ. ಹೆಬ್ಬಾಳದ ಮೇಲ್ಸೇತುವೆಯ ನಟ್ಟನಡುವೆ ನಿಂತಿರುವ ಆ ಗಾಡಿ ಅಲ್ಲಿಂದ ಹೋಗಿ ಎಷ್ಟೋ ಹೊತ್ತಾಗಿದೆ. ಸರ್ವರ್ ಅದನ್ನು ಕೊನೆಯದಾಗಿ ಕಂಡದ್ದು ಅಲ್ಲಿ, ಅಷ್ಟೇ.

ಹೆಬ್ಬಾಳದ ಒಂದು ಸಣ್ಣ ಕಂಪನಿಯ ಸರ್ವರ್ ಇದು. ಡಯಾಲಿಸಿಸ್ ರೋಗಿಗಳನ್ನು ಮನೆಯಿಂದ ಕರೆದೊಯ್ದು ಮತ್ತೆ ಮನೆಗೆ ಬಿಡುವ ಗಾಡಿಗಳ ವ್ಯವಸ್ಥೆಯೆಲ್ಲ ಇದರ ಮೇಲೆ ನಿಂತಿದೆ. ನಸುಕಿನಲ್ಲಿ ಪ್ರತಿ ರೋಗಿಯ ಫೋನಿಗೂ ಯಂತ್ರದ ದನಿಯ ಕರೆಯೊಂದು ಹೋಗುತ್ತದೆ. ಬರುವವರು ಒಂದನ್ನು ಒತ್ತುತ್ತಾರೆ. ಒತ್ತಿದವರಿಗೆ ಸರ್ವರ್ ಗಾಡಿ ಗೊತ್ತುಮಾಡಿ, ಚಾಲಕನಿಗೆ ದಾರಿ ಹೇಳಿ, ಡಯಾಲಿಸಿಸ್ ಕೇಂದ್ರಕ್ಕೆ ಸುದ್ದಿ ಮುಟ್ಟಿಸುತ್ತದೆ. ದಿನಕ್ಕೆ ನಾನೂರರ ಆಸುಪಾಸು ಜನ. ಅದು ಸತ್ತರೆ ಅಷ್ಟು ಜನ ಬಾಗಿಲ ಬಳಿ ಚೀಲ ಹಿಡಿದು ಕುಳಿತೇ ಇರುತ್ತಾರೆ.

ಅವರಲ್ಲೊಬ್ಬರು ತಣಿಸಂದ್ರದ ದ್ರೌಪದಮ್ಮ. ಮಂಗಳವಾರವೂ ಸರ್ವರ್ ಹೀಗೆಯೇ ಸತ್ತಿತ್ತು. ಅವರ ಗಾಡಿ ಬಂದದ್ದು ಎಷ್ಟು ತಡವಾಗಿಯೆಂದರೆ, ಅವರು ಕೇಂದ್ರ ಮುಟ್ಟುವಷ್ಟರಲ್ಲಿ ಯಂತ್ರಕ್ಕೆ ಬೇರೊಬ್ಬರನ್ನು ಹಾಕಿಯಾಗಿತ್ತು. ವಾಪಸು ಕಳಿಸಿದರು. ಎರಡು ದಿನದಿಂದ ಅವರ ಮೈಯಲ್ಲಿ ನೀರು ಏರುತ್ತಿದೆ. ಮಲಗಿದರೆ ಉಸಿರು ಸಿಗುವುದಿಲ್ಲ. ಇವತ್ತೂ ತಪ್ಪಿದರೆ ಅವರು ಹೋಗಬೇಕಾದದ್ದು ಕೇಂದ್ರಕ್ಕಲ್ಲ, ಐಸಿಯುಗೆ.

ಆಫೀಸಿನ ಜೊತೆಗಾರ ಸಂಗಮೇಶ ಫೋನಿನಲ್ಲಿದ್ದಾರೆ. "ಎಬ್ಬಿಸ್ಲಾ?"

"ಬೇಡ. ಮೊದ್ಲು ಹೆಣ ತೆಗೀಬೇಕು."

"ಗುರು, ನೀನು ತೆಗೆಯೋಷ್ಟೊತ್ತಿಗೆ ನಿಜವಾದ ಹೆಣ ಬೀಳುತ್ತೆ."

"ಮಂಗಳವಾರ ಡಯಾಲಿಸಿಸ್ ತಪ್ಪಿದೋರ ಡ್ರೈವರ್‌ಗಳಿಗೆ ನೀನೇ ಫೋನ್ ಹೊಡಿ. ದ್ರೌಪದಮ್ಮಂದು ಫಸ್ಟು. ಅಡ್ರೆಸ್ ಬಾಯಲ್ಲಿ ಹೇಳು. ಅಷ್ಟರಲ್ಲಿ ನಾನು ಮುಗಿಸ್ತೀನಿ."

ಸಂಗಮೇಶ ಏನೋ ಗೊಣಗಿ ಕರೆ ಕತ್ತರಿಸುತ್ತಾರೆ. ಗೊಣಗಿದರೂ ಮೊದಲ ಫೋನು ಮಾಡುವುದು ತಣಿಸಂದ್ರದ ಚಾಲಕನಿಗೇ.

ಹೆಣ ಎನ್ನುವುದು ಯಶವಂತಪುರದ ಅವರ ಆಫೀಸಿನಲ್ಲಿ ಮಾತ್ರ ಚಾಲ್ತಿಯಲ್ಲಿರುವ ಪದ. ಬೇರೆಯವರು ಡಂಪ್ ಅನ್ನುತ್ತಾರೆ. ಪ್ರೋಗ್ರಾಂ ಒಂದು ಬಿದ್ದಾಗ ಅದರ ನೆನಪಿನಲ್ಲಿ ಏನೇನಿತ್ತೋ ಅದಷ್ಟನ್ನೂ ಒಂದು ಕಡತಕ್ಕೆ ಸುರಿದಿಟ್ಟುಕೊಳ್ಳಬಹುದು. ಯಾರ ಹೆಸರು ಓದುತ್ತಿತ್ತು, ಯಾರಿಗೆ ಉತ್ತರ ಕೊಡುತ್ತಿತ್ತು, ಯಾವ ಮಾತಿನ ನಡುವೆ ನಿಂತುಹೋಯಿತು ಎಲ್ಲವೂ ಅದರಲ್ಲಿರುತ್ತದೆ. ಆದರೆ ಇದನ್ನು ಮೈ ಬಿಸಿಯಿರುವಾಗಲೇ ತೆಗೆಯಬೇಕು. ಎಬ್ಬಿಸಿದ ಸರ್ವರ್ ಎಲ್ಲವನ್ನೂ ಮರೆತು ಏಳುತ್ತದೆ. ಯಾಕೆ ಸತ್ತೆ ಎಂದು ಕೇಳಿದರೆ ಅದಕ್ಕೆ ತಾನು ಸತ್ತದ್ದೇ ಗೊತ್ತಿರುವುದಿಲ್ಲ.

ಕಡತ ಇಳಿಯುವವರೆಗೂ ಅಮ್ರೀನ್ ಪರದೆಯಿಂದ ಕಣ್ಣು ತೆಗೆಯುವುದಿಲ್ಲ. ಇಳಿದ ತಕ್ಷಣ ಸರ್ವರನ್ನು ಎಬ್ಬಿಸುತ್ತಾರೆ. ಹಸಿರು ಚುಕ್ಕಿಗಳು ಒಮ್ಮೆ ಮಾಯವಾಗಿ, ಬೇರೆ ಬೇರೆ ಜಾಗದಲ್ಲಿ ಹುಟ್ಟಿ, ನಡೆಯತೊಡಗುತ್ತವೆ. ಒಂದು ಚುಕ್ಕಿ ಆಗಲೇ ತಣಿಸಂದ್ರದ ಮುಖ್ಯರಸ್ತೆಯಲ್ಲಿದೆ.

*

ಅಮ್ರೀನ್‌ಗೆ ಮೂವತ್ತರ ಹತ್ತಿರ ವಯಸ್ಸು. ಬಿ.ಎಸ್ಸಿ. ಓದಿದವರು. ಯಶವಂತಪುರ ಮಾರುಕಟ್ಟೆಯ ಹಿಂದಿನ ಕಟ್ಟಡವೊಂದರ ಎರಡನೇ ಮಹಡಿಯಲ್ಲಿ ಅವರ ಆಫೀಸು. ಮೆಟ್ಟಿಲ ತುಂಬ ಈರುಳ್ಳಿ ವಾಸನೆ. ತಮ್ಮದೇ ಎಂಜಿನಿಯರುಗಳನ್ನು ಇಟ್ಟುಕೊಳ್ಳಲಾಗದ ಸಣ್ಣಪುಟ್ಟ ವ್ಯಾಪಾರಗಳ ಸರ್ವರುಗಳನ್ನು ನೋಡಿಕೊಳ್ಳುವುದು ಆಫೀಸಿನ ಕೆಲಸ. ಅಮ್ರೀನ್ ಪಾಲಿಗೆ ಒಂಬತ್ತು. ಒಂದೊಂದೂ ಸಾಯುವ ರೀತಿ ಅವರಿಗೆ ಗೊತ್ತು. ಮಾಕಳಿಯ ಶೈತ್ಯಾಗಾರದ ಸರ್ವರ್ ಸಾಯುವುದಕ್ಕೆ ಮುಂಚೆ ಕೇಳಿದ್ದಕ್ಕೆಲ್ಲ ತೀರಾ ಬೇಗ ಬೇಗ ಉತ್ತರ ಕೊಡತೊಡಗುತ್ತದೆ. ಶಾಲಾ ಬಸ್ಸುಗಳದೊಂದಿದೆ, ಅದು ಸತ್ತ ಮೇಲೂ ಒಂದಷ್ಟು ಹೊತ್ತು ಅಪ್ಪ ಅಮ್ಮಂದಿರಿಗೆ ಸಂದೇಶ ಕಳಿಸುತ್ತಲೇ ಇರುತ್ತದೆ: ನಿಮ್ಮ ಮಗು ಬಸ್ಸು ಹತ್ತಿದೆ. ನಿಮ್ಮ ಮಗು ಬಸ್ಸು ಹತ್ತಿದೆ. ನಿಮ್ಮ ಮಗು ಬಸ್ಸು ಹತ್ತಿದೆ.

"ಮೊದಮೊದ್ಲು ಮೈ ಜುಂ ಅಂತಿತ್ತು," ಎನ್ನುತ್ತಾರೆ ಅವರು. "ಈಗ ಅದು ಜ್ವರದಲ್ಲಿ ಬಡಬಡಿಸಿದ ಹಾಗೆ ಅಂತ ಅನ್ಕೋತೀನಿ."

ಅವರ ಲ್ಯಾಪ್‌ಟಾಪಿನ ಪರದೆಗೆ ಒಂದು ಕಪ್ಪು ಹಾಳೆ ಅಂಟಿಸಿದೆ. ಎದುರಿಗೆ ಕುಳಿತವರಿಗೆ ಮಾತ್ರ ಅಕ್ಷರ ಕಾಣುತ್ತದೆ, ಪಕ್ಕದಿಂದ ಇಣುಕಿದವರಿಗೆ ಬರೀ ಕತ್ತಲೆ. ಕಂಪನಿ ಕೊಟ್ಟದ್ದಲ್ಲ, ಅವರೇ ತಂದು ಹಾಕಿಕೊಂಡದ್ದು. ಸತ್ತ ಸರ್ವರಿನೊಳಗೆ ಜನರ ಹೆಸರು, ರೋಗ, ಔಷಧಿ, ಯಾರು ಯಾವ ದಿನ ಬರಲಿಲ್ಲ, ಯಾರು ಫೋನು ಎತ್ತಲಿಲ್ಲ ಎಲ್ಲವೂ ಬಟ್ಟೆಯಿಲ್ಲದೆ ಬಿದ್ದಿರುತ್ತವೆ. ಅದನ್ನು ಹೇಗೆ ನೋಡಬೇಕೆಂಬುದನ್ನು ಅವರು ಕಲಿತದ್ದು ಕಾಲೇಜಿನಲ್ಲಲ್ಲ.

ಚಿಕ್ಕಂದಿನಲ್ಲಿ ತಾಯಿಯ ಜೊತೆ ಸಾವಿನ ಮನೆಗಳಿಗೆ ಹೋಗಿ, ಕರ್ಪೂರದ ಪೊಟ್ಟಣ ಹಿಡಿದು ಬಾಗಿಲ ಹೊರಗೆ ಕೂರುತ್ತಿದ್ದರು. ಒಳಗೆ ಬೋರೆ ಎಲೆ ಹಾಕಿ ಕಾಯಿಸಿದ ನೀರು ಸುರಿಯುವ ಸದ್ದು. ಮನೆಗೆ ಬಂದ ಮೇಲೆ ಎಷ್ಟು ಪೀಡಿಸಿದರೂ ಅಕ್ಬರಿ ಒಳಗೆ ಕಂಡದ್ದನ್ನು ಹೇಳುತ್ತಿರಲಿಲ್ಲ.

"ತೊಳೆಯೋವಾಗ ಮೇಲೆ ಚಾದರ ಇರುತ್ತೆ," ಅಕ್ಬರಿ ಹೇಳುತ್ತಾರೆ. "ಚಾದರದ ಕೆಳಗೆ ಕೈ ಹೋಗ್ಬೇಕು, ಕಣ್ಣು ಹೋಗ್ಬಾರ್ದು. ಮುಖದಲ್ಲಿ ಕಳೆ ಕಂಡ್ರೆ ಹೇಳ್ಬಹುದು. ಬೇರೆ ಏನು ಕಂಡ್ರೂ ಅದು ನನ್ ಜೊತೇನೇ ಮಣ್ಣಿಗೆ."

ಈ ಎರಡು ಫೋನುಗಳ ಮನೆಗೆ ಹೆಣ್ಣು ನೋಡಲು ಒಮ್ಮೆ ಯಾರೋ ಬಂದಿದ್ದರಂತೆ. "ಅಮ್ಮಿ ಏನ್ ಮಾಡ್ತಾರೆ ಅಂತ ಕೇಳಿದ್ರು, ಹೇಳಿದ್ವಿ. ನಾನೇನ್ ಮಾಡ್ತೀನಿ ಅಂತ ಕೇಳಿದ್ರು, ಹೇಳ್ದೆ. ಬಿರಿಯಾನಿ ಚೆನ್ನಾಗಿದೆ ಅಂದ್ರು. ಹೋದ್ರು." ಅಮ್ರೀನ್ ನಗುತ್ತಾರೆ. ಅಕ್ಬರಿ ನಗುವುದಿಲ್ಲ.

*

ಆ ಗುರುವಾರಕ್ಕೆ ಮುಂಚೆಯೇ ಸರ್ವರ್ ನಾಲ್ಕಾರು ಸಲ ಬಿದ್ದಿತ್ತು. ಸೋಮವಾರ ಬೀಳುವುದಿಲ್ಲ. ಬುಧವಾರ, ಶುಕ್ರವಾರ ಬೀಳುವುದಿಲ್ಲ. ಮಂಗಳವಾರ, ಗುರುವಾರ, ಶನಿವಾರ ಮಾತ್ರ, ಅದೂ ನಸುಕಿನ ಕರೆಗಳು ಹೊರಟ ಮೇಲೆ. ವಾರದ ಆ ದಿನಗಳಲ್ಲಿ ರೋಗಿಗಳು ಹೆಚ್ಚು, ಭಾರ ತಾಳುತ್ತಿಲ್ಲ ಎಂದು ಸಂಗಮೇಶ ಹೇಳಿದ್ದರು. ಅಮ್ರೀನ್ ಕೂಡ ಒಪ್ಪಿದ್ದರು. ಸರ್ವರಿಗೆ ಇದ್ದದ್ದರ ಎರಡರಷ್ಟು ನೆನಪಿನ ಜಾಗ ಕೊಟ್ಟರು. ಅದರಿಂದ ಆದ ಲಾಭ ಇಷ್ಟೇ. ಬೇಗ ಸಾಯುತ್ತಿದ್ದುದು ನರಳಿ ನರಳಿ ಸಾಯತೊಡಗಿತು.

ಗುರುವಾರ ಮಧ್ಯಾಹ್ನ ಅಮ್ರೀನ್ ಬೆಳಿಗ್ಗೆ ತೆಗೆದ ಹೆಣದ ಮುಂದೆ ಕೂರುತ್ತಾರೆ. ಸತ್ತ ನೆನಪಿನಲ್ಲಿ ಹೆಚ್ಚು ಜಾಗ ತುಂಬಿಕೊಂಡಿರುವುದು ಏನು ಎಂಬುದು ಮೊದಲ ಪ್ರಶ್ನೆ. ನಾನೂರು ಜನರ ಹೆಸರುಗಳು ಅಲ್ಲಿ ಚದುರಿ ಬಿದ್ದಿರಬೇಕು. ಇಲ್ಲಿ ಹಾಗಿಲ್ಲ. ಪರದೆಯನ್ನು ಕೆಳಕ್ಕೆ ಸರಿಸುತ್ತಾರೆ. ಒಂದೇ ಹೆಸರು. ಇನ್ನೂ ಸರಿಸುತ್ತಾರೆ. ಅದೇ ಹೆಸರು. ಕಣ್ಣು ಸೋಲುವವರೆಗೂ ಸರಿಸಿದರೂ ಅದೇ.

ಗೋಪಾಲಮ್ಮ, ಸಿಂಗಾಪುರ. ಗೋಪಾಲಮ್ಮ, ಸಿಂಗಾಪುರ. ಗೋಪಾಲಮ್ಮ, ಸಿಂಗಾಪುರ.

ಪ್ರತಿ ಹೆಸರಿನ ಮುಂದೆಯೂ ಆ ಬೆಳಗಿನ ಉತ್ತರವಿದೆ: ಒಂದು. ಅಂದರೆ, ಬರುತ್ತೇನೆ.

ಅಮ್ರೀನ್ ರೋಗಿಗಳ ದಾಖಲೆ ತೆರೆದು ಗೋಪಾಲಮ್ಮನನ್ನು ಹುಡುಕುತ್ತಾರೆ. ಸಿಗುತ್ತಾರೆ. ವಾರಕ್ಕೆ ಮೂರು ದಿನ: ಮಂಗಳವಾರ, ಗುರುವಾರ, ಶನಿವಾರ. ಅದರ ಕೆಳಗೆ ಡಯಾಲಿಸಿಸ್ ಕೇಂದ್ರದವರು ತಿಂಗಳುಗಳ ಹಿಂದೆಯೇ ಹಾಕಿದ ಟಿಪ್ಪಣಿ. ತೀರಿಕೊಂಡಿದ್ದಾರೆ.

ಸಂಗಮೇಶ ಕಪ್ಪು ಹಾಳೆಯನ್ನು ತಪ್ಪಿಸಲು ಅಮ್ರೀನ್ ಭುಜದ ಹಿಂದೆಯೇ ಬಂದು ನಿಂತು ಓದುತ್ತಾರೆ.

"ಮಗಾ," ಅನ್ನುತ್ತಾರೆ, "ಸತ್ತೋರು ಗಾಡಿ ಕೇಳ್ತಿದ್ದಾರಲ್ಲೋ."

ನಡೆದದ್ದು ಇಷ್ಟು. ಗೋಪಾಲಮ್ಮ ತೀರಿಕೊಂಡ ಸುದ್ದಿ ರೋಗಿಗಳ ದಾಖಲೆಗೆ ಬಂದಿದೆ, ಕರೆ ಮಾಡುವ ಭಾಗಕ್ಕೆ ತಲುಪಿಲ್ಲ. ಅದು ಕರೆ ಮಾಡುತ್ತಿದೆ. ಆ ಕಡೆಯಿಂದ ಯಾರೋ ಒಂದನ್ನು ಒತ್ತುತ್ತಿದ್ದಾರೆ. ಗಾಡಿ ಗೊತ್ತುಮಾಡುವ ಭಾಗ ಹೋಗಿ ಗೋಪಾಲಮ್ಮನನ್ನು ಕೊಡಿ ಎಂದು ದಾಖಲೆಯನ್ನು ಕೇಳುತ್ತದೆ. ತೀರಿಕೊಂಡವರನ್ನು ದಾಖಲೆ ಕೊಡುವುದಿಲ್ಲ, ಇಲ್ಲ ಎನ್ನುತ್ತದೆ. ಸರ್ವರುಗಳ ಭಾಷೆಯಲ್ಲಿ ಈ ಇಲ್ಲ ಎಂಬುದಕ್ಕೆ ನಲ್ ಎಂದು ಹೆಸರು. ಅದು ಸೊನ್ನೆಯಲ್ಲ, ಖಾಲಿಯೂ ಅಲ್ಲ, ಬರೀ ಇಲ್ಲ. ಒಂದನ್ನು ಒತ್ತಿದವರ ವಿಷಯದಲ್ಲಿ ಇಲ್ಲ ಎಂಬ ಉತ್ತರ ಬಂದೀತೆಂದು ಪ್ರೋಗ್ರಾಂ ಬರೆದವರು ಎಣಿಸಿರಲಿಲ್ಲ. ಹಾಗಾಗಿ ಅದು ಮತ್ತೆ ಕೇಳುತ್ತದೆ. ಇಲ್ಲ. ಮತ್ತೆ ಕೇಳುತ್ತದೆ. ಇಲ್ಲ. ಕೇಳಿದ ಪ್ರತಿ ಸಲವೂ ಹೆಸರಿನ ಒಂದು ಪ್ರತಿಯನ್ನು ನೆನಪಿನಲ್ಲಿ ಇಟ್ಟುಕೊಳ್ಳುತ್ತದೆ. ನೆನಪು ತುಂಬುವವರೆಗೆ, ಬೇರೆ ಯಾರ ಹೆಸರಿಗೂ ಜಾಗವಿಲ್ಲದಾಗುವವರೆಗೆ.

ಸಂಗಮೇಶ ಆ ನಂಬರಿಗೆ ಆಫೀಸಿನ ಫೋನಿನಿಂದ ಕರೆ ಮಾಡಿ ಸ್ಪೀಕರ್ ಹಾಕುತ್ತಾರೆ. ಯಾರೋ ಎತ್ತುತ್ತಾರೆ. ಹಲೋ ಎಂದರೆ ಮರುದನಿಯಿಲ್ಲ. ಹಿಂದೆ ಒಂದೇ ಸಮನೆ ಏನೋ ಅರೆಯುತ್ತಿರುವ ದೊಡ್ಡ ಸದ್ದು. ಅದರ ನಡುವೆ, ಫೋನಿಗೆ ತೀರಾ ಹತ್ತಿರದಲ್ಲಿ, ಉಸಿರು. ಆಮೇಲೆ ಒಂದು ಸಣ್ಣ ಬೀಪ್. ಆ ಕಡೆ ಯಾರೋ ಅಂಕಿಯೊಂದನ್ನು ಒತ್ತಿದ್ದಾರೆ. ಕರೆ ಕಡಿದುಹೋಗುತ್ತದೆ.

ಸಂಗಮೇಶ ಫೋನನ್ನು ಮೇಜಿನ ಆಚೆಗೆ ತಳ್ಳುತ್ತಾರೆ.

"ಡಿಲೀಟ್ ಮಾಡಿ ಬಿಸಾಕು ಗುರು," ಎನ್ನುತ್ತಾರೆ ಸಂಗಮೇಶ. ಗಾಡಿ ಕಂಪನಿಯವರೂ ಫೋನಿನಲ್ಲಿ ಅದನ್ನೇ ಹೇಳುತ್ತಾರೆ: ಹೆಸರು ತೆಗೆದರಾಯಿತು, ಶನಿವಾರ ಮತ್ತೆ ಬೀಳಬಾರದು, ಅಷ್ಟೇ.

ಅಮ್ರೀನ್‌ಗೆ ಒಪ್ಪಿಗೆಯಾಗುವುದಿಲ್ಲ. "ಈ ಹೆಸರು ತೆಗೆದ್ರೆ ಈ ಹೆಸರು ಹೋಗುತ್ತೆ. ಮುಂದಿನ ತಿಂಗಳು ಇನ್ಯಾರೋ ತೀರ್ಕೊಳ್ತಾರೆ, ಇನ್ಯಾವ್ದೋ ಮನೇಲಿ ಇನ್ಯಾರೋ ಒತ್ತುತಾರೆ. ಒತ್ತಿದ್ದು ಮನುಷ್ಯನಾ, ನಮ್ ಪ್ರೋಗ್ರಾಮೇ ತನಗೆ ತಾನೇ ಒತ್ಕೊಂಡಿದ್ದಾ, ಅದಾದ್ರೂ ಗೊತ್ತಾಗ್ಬೇಕಲ್ವಾ?"

ಹೆಸರು ತೆಗೆಯುವ ಮುಂಚೆ ಮನೆಯವರಿಗೆ ತಾವೇ ತಿಳಿಸಿ ಬರುವುದಾಗಿ ಹೇಳಿ, ಕಂಪನಿಯಿಂದ ವಿಳಾಸ ಪಡೆಯುತ್ತಾರೆ.

*

ಸಿಂಗಾಪುರ ಒಂದು ಕಾಲಕ್ಕೆ ಹಳ್ಳಿ. ಈಗ ವಿದ್ಯಾರಣ್ಯಪುರದ ಬಗಲಿನ ಬಡಾವಣೆ. ಶುಕ್ರವಾರ ಮಧ್ಯಾಹ್ನ ಅಮ್ರೀನ್ ಸ್ಕೂಟರ್ ನಿಲ್ಲಿಸಿದ್ದು ಮೂರಂತಸ್ತಿನ ಬಾಡಿಗೆ ಮನೆಗಳ ನಡುವೆ ಉಳಿದುಕೊಂಡ ಹಿಟ್ಟಿನ ಗಿರಣಿಯೊಂದರ ಮುಂದೆ. ನಿನ್ನೆ ಫೋನಿನಲ್ಲಿ ಕೇಳಿದ ಸದ್ದು ಬಾಗಿಲಿನಿಂದ ಹೊರಗೆ ಬರುತ್ತಿದೆ. ಒಳಗೆ ಹಿಟ್ಟಿನ ಧೂಳು. ಅದರ ನಡುವೆ ತಲೆಯಿಂದ ಕಾಲಿನವರೆಗೂ ಬೆಳ್ಳಗಾದ ಒಬ್ಬ ವ್ಯಕ್ತಿ. ರೆಪ್ಪೆಗಳ ಮೇಲೂ ಹಿಟ್ಟು, ಕಣ್ಣುಗಳು ಮಾತ್ರ ಕಪ್ಪು.

ಅವರು ಆವಲಪ್ಪ, ಗೋಪಾಲಮ್ಮನ ತಮ್ಮ. ಅಮ್ರೀನ್ ಬಂದ ವಿಷಯ ಕೂಗಿ ಹೇಳುತ್ತಾರೆ. ಅಕ್ಕನ ಹೆಸರು ಕೇಳಿದ್ದೇ ಆವಲಪ್ಪ ಗಿರಣಿ ನಿಲ್ಲಿಸುತ್ತಾರೆ. ಬೆಲ್ಟು ಸುತ್ತಿ ಸುತ್ತಿ ನಿಧಾನವಾಗಿ ನಿಲ್ಲುತ್ತದೆ.

"ಅಕ್ಕ ಇದ್ದಾಗ ಇಲ್ಲೇ ಕೂತ್ಕೊಂತಿದ್ಲು," ಬಾಗಿಲ ಪಕ್ಕದ ಸ್ಟೂಲು ತೋರಿಸುತ್ತಾರೆ. "ಡಬ್ಬ ಇಸ್ಕೊಳ್ಳೋದು, ಬಾಯಿ ಮಾಡೋದು ಎಲ್ಲ ಅವ್ಳುದೇ. ಯಾರ್ದು ರಾಗಿ, ಯಾರ್ದು ಗೋಧಿ ಅಂತ ನಂಗೆ ಇವತ್ಗೂ ಗೊತ್ತಾಗಕಿಲ್ಲ."

ಗೋಪಾಲಮ್ಮ ತೀರಿಕೊಂಡ ಮೇಲೆ ಅವರ ಫೋನು ಸತ್ತು ಟ್ರಂಕಿನಲ್ಲಿತ್ತು. ಅದರಲ್ಲಿದ್ದ ಒಂದು ಫೋಟೊ ಬೇಕಾಗಿ ಆವಲಪ್ಪ ಈಚೆಗೆ ಹೊರತೆಗೆದು ಚಾರ್ಜಿಗೆ ಹಾಕಿದರು, ಕರೆನ್ಸಿಯನ್ನೂ ಹಾಕಿಸಿದರು. ಮರುದಿನ ನಸುಕಿನಲ್ಲಿ ಅದು ಹೊಡೆದುಕೊಂಡಿತು.

"ಎತ್ತಿದ್ರೆ ಒಂದು ಉಡ್ಗಿ. 'ನಮಸ್ಕಾರ, ಗೋಪಾಲಮ್ಮ ಅವರೇ' ಅಂತು. ಎದೆ ಜಲ್ ಅಂತು ಕಣಮ್ಮ. ಆಮ್ಯಾಕೆ ಗೊತ್ತಾಯ್ತು, ಮಿಷಿನ್ ವಾಯ್ಸು ಅಂತ. ಆದ್ರೆ ನೀವೇ ಕೇಳಿ ಬೇಕಾದ್ರೆ, ಎಸ್ರು ಏಳೋ ಮುಂಚೆ ಒಂಚೂರು ನಿಲ್ಸ್ತಾಳೆ. ಯೋಚ್ನೆ ಮಾಡಿ ಕರ್ದಂಗೆ."

ಆ ತಡೆ ಅಮ್ರೀನ್‌ಗೆ ಗೊತ್ತು. ಯಂತ್ರ ಹೆಸರನ್ನು ಹುಡುಕಿ ಜೋಡಿಸಲು ತೆಗೆದುಕೊಳ್ಳುವ ಸಮಯ ಅದು. ಹೇಳುವುದಿಲ್ಲ.

"ಬರುವುದಾದರೆ ಒಂದನ್ನು ಒತ್ತಿ, ಇಲ್ಲವಾದರೆ ಎರಡನ್ನು ಒತ್ತಿ ಅಂತ ಬರುತ್ತಲ್ಲ," ಅಮ್ರೀನ್ ಮೆಲ್ಲಗೆ ಕೇಳುತ್ತಾರೆ. "ನೀವು ಒಂದು ಯಾಕೆ ಒತ್ತಿದ್ರಿ ಅಣ್ಣಾ?"

ಆವಲಪ್ಪ ಅಂಗೈಯಿಂದ ಮುಖ ಒರೆಸಿಕೊಳ್ಳುತ್ತಾರೆ. ಹಿಟ್ಟು ಇನ್ನಷ್ಟು ಹರಡುತ್ತದೆ.

"ಇನ್ನೇನ್ ಒತ್ಲಿ? ಬೆಳಗಾನೆದ್ದು ದೀಪ ಅಚ್ಚಿರ್ತೀನಿ. ಡಬ್ಬದಾಗೆ ಅಕ್ಕಿ ಮುಗ್ದಿದ್ರೂವೆ ನಮ್ಮನೇಲಿ ಇಲ್ಲ ಅನ್ನಕಿಲ್ಲ, ತರ್ಬೇಕು ಅಂತೀವಿ. ಅಂಥದ್ರಾಗೆ ಆ ಉಡ್ಗಿ ಎಸ್ರಿಡಿದು ಕೇಳ್ತಾಳೆ, ಗೋಪಾಲಮ್ಮ ಬತ್ತಾರಾ, ಇಲ್ವಾ ಅಂತ. ಇಲ್ಲ ಅಂತ ನಾನೆಂಗಮ್ಮ ಒತ್ಲಿ? ಅದೂ ನನ್ ಕೈಯಾರೆ?"

"ನಿನ್ನೆ ಮಧ್ಯಾಹ್ನ ನಾವು ಫೋನ್ ಮಾಡಿದ್ವಿ."

"ನೀವಾ ಅದು? ಗಿರಣಿ ಸದ್ದಲ್ಲಿ ಏನೂ ಕೇಳ್ಸಲಿಲ್ಲ. ಅದೇ ಫೋನು ಅನ್ಕಂಡು ಒತ್ಬಿಟ್ಟೆ."

ಗಾಡಿ ಬರುವುದಿಲ್ಲ ಎಂದು ಅವರಿಗೆ ಗೊತ್ತಿತ್ತು. ಬರಲಿ ಎಂದು ಒತ್ತಿದ್ದೂ ಅಲ್ಲ. ಅಮ್ರೀನ್ ಸರ್ವರಿನ ಗೋಜಲನ್ನೆಲ್ಲ ವಿವರಿಸಲು ಹೋಗದೆ ಒಂದೇ ಮಾತು ಹೇಳುತ್ತಾರೆ: ಈ ಉತ್ತರದಿಂದ ಬೇರೆಯವರ ಗಾಡಿ ನಿಂತುಹೋಗುತ್ತಿದೆ, ತಣಿಸಂದ್ರದಲ್ಲಿ ಒಬ್ಬ ಹೆಂಗಸಿಗೆ ಉಸಿರು ಕಟ್ಟಿತ್ತು.

ಆವಲಪ್ಪ ಸ್ಟೂಲಿನ ಮೇಲೆ ಕೂರಲು ಹೋಗಿ, ಕೂರದೆ ಎದ್ದು ನಿಲ್ಲುತ್ತಾರೆ. "ಅಕ್ಕಂಗೂ ಅಂಗೇ ಆಗ್ತಿತ್ತು," ಎನ್ನುತ್ತಾರೆ. "ನಂಗೊತ್ತಿರ್ಲಿಲ್ಲ ಕಣಮ್ಮ. ಎಸ್ರು ತೆಗೀರಿ. ಪಾಪ ತೆಗೀರಿ." ಆಮೇಲೆ, "ನಾಳೆ ಒಂದಿನ ಫೋನು ಬರುತ್ತಾ?" ಎಂದು ಕೇಳುತ್ತಾರೆ.

ನಾಳೆ ಶನಿವಾರ.

*

ಅಂದು ಸಂಜೆ ಅಮ್ರೀನ್ ಮತ್ತು ಸಂಗಮೇಶ ಸರ್ವರಿನ ಒಂದು ನಕಲಿನ ಮೇಲೆ ಕೆಲಸ ಮಾಡುತ್ತಾರೆ. ತಿದ್ದುಪಡಿ ಸಣ್ಣದು. ಇಲ್ಲ ಎಂಬ ಉತ್ತರ ಬಂದರೆ ಅದನ್ನು ಒಂದು ಸಲ ಕೇಳಿಸಿಕೊಳ್ಳಬೇಕು. ಮತ್ತೆ ಮತ್ತೆ ಕೇಳಬಾರದು. ಬದಿಗಿಟ್ಟು, ಯಾರಾದರೊಬ್ಬ ಮನುಷ್ಯನಿಗೆ ತಿಳಿಸಿ, ಉಳಿದವರ ಕಡೆಗೆ ಹೋಗಬೇಕು. ನಕಲಿನಲ್ಲಿ ಗೋಪಾಲಮ್ಮನ ಹೆಸರಿಗೆ ಒಂದನ್ನು ಒತ್ತಿ ನೋಡುತ್ತಾರೆ. ಬೀಳುವುದಿಲ್ಲ. ನೂರು ಗೋಪಾಲಮ್ಮಂದಿರು ಬಂದರೂ ಬೀಳುವುದಿಲ್ಲ.

"ಆದ್ರೂ ನಾಳೆ ಕಾಲ್ ಬಿಡೋದು ರಿಸ್ಕು," ಸಂಗಮೇಶ ಎಚ್ಚರಿಸುತ್ತಾರೆ. "ಡ್ರೈವರ್‌ಗಳಿಗೆಲ್ಲ ಇವತ್ತೇ ರೂಟ್ ಕಳಿಸಿಡ್ತೀನಿ. ಬಿತ್ತು ಅಂದ್ರೆ ಫೋನಲ್ಲೇ ಓಡಿಸೋದು. ನಿನ್ ಗೋಪಾಲಮ್ಮಂಗೋಸ್ಕರ ನಂದೂ ನಿದ್ದೆ ಹಾಳು."

ರಾತ್ರಿ ಊಟದ ಹೊತ್ತಿಗೆ ಅಮ್ರೀನ್ ಯಾರ ಹೆಸರನ್ನೂ ಹೇಳದೆ ತಾಯಿಗೆ ಇಷ್ಟು ಹೇಳುತ್ತಾರೆ: ಒಬ್ಬರಿಗೆ ಇಲ್ಲ ಅಂತ ಒತ್ತಲು 'ಕೈ ಬರುತ್ತಿಲ್ಲ'. ಅಕ್ಬರಿ ರೊಟ್ಟಿ ಮುರಿಯುತ್ತ ಕೇಳುತ್ತಾರೆ, "ನೀವು ಕೇಳೋದು ನೈ ಅಂತಾನಾ?" ಮನೆಯ ದಖನಿಯಲ್ಲಿ ನೈ ಎಂದರೆ ಇಲ್ಲ. "ಸಾವಿನ ಮನೇಲಿ ಹೆಂಗೆ ನೈ ಅಂತಾರೆ? ನಕ್ಕೋ ಅಂತ ಕೇಳಿ. ನಕ್ಕೋ ಅನ್ನೋದು ಸುಲಭ."

ನಕ್ಕೋ ಎಂದರೆ ಬೇಡ.

ಅಮ್ರೀನ್ ಕೈ ತೊಳೆದು ಬಂದು ಸಂಗಮೇಶನಿಗೆ ಫೋನು ಮಾಡುತ್ತಾರೆ. ಕಂಪನಿಯವರನ್ನು ಕೇಳಿ, ಯಂತ್ರದ ದನಿ ಓದುವ ಸಾಲಿನಲ್ಲಿ ಒಂದು ಪದ ಬದಲಾಗುತ್ತದೆ.

ಶನಿವಾರ ನಸುಕು. ಕಟ್ಟೆಯ ಮೇಲಿನ ಎರಡು ಫೋನುಗಳನ್ನೂ ನೋಡುತ್ತ ಅಮ್ರೀನ್ ಲ್ಯಾಪ್‌ಟಾಪಿನ ಮುಂದೆ ಕುಳಿತಿದ್ದಾರೆ. ಕರೆಗಳು ಹೊರಡುತ್ತವೆ. ಉತ್ತರಗಳು ಬರತೊಡಗುತ್ತವೆ. ಒಂದು, ಒಂದು, ಒಂದು. ತಣಿಸಂದ್ರ, ಒಂದು. ಸಿಂಗಾಪುರದ ಕರೆ ಎತ್ತಿದ್ದಾರೆ. ಉತ್ತರವಿಲ್ಲ. ಕರೆ ಕಡಿದಿಲ್ಲ. ಆ ದನಿ ಅಲ್ಲಿ ಹೆಸರಿನ ಮುಂಚೆ ತಡೆದು, ಹೆಸರು ಹೇಳಿ, ಕೇಳಬೇಕಾದ್ದನ್ನು ಕೇಳಿ ಮುಗಿಸಿರಬೇಕು. ಹಸಿರು ಚುಕ್ಕಿಗಳು ನಡೆಯುತ್ತಿವೆ. ಅಮ್ರೀನ್ ಅವುಗಳನ್ನೇ ನೋಡುತ್ತಾರೆ, ಯಾವುದಾದರೂ ನಿಂತೀತೆಂದು.

ಆಮೇಲೆ ಗೋಪಾಲಮ್ಮನ ಹೆಸರಿನ ಮುಂದೆ ಅಂಕಿಯೊಂದು ಮೂಡುತ್ತದೆ. ಎರಡು.

ಆ ಹೊತ್ತಿನಲ್ಲಿ ಫೋನಿಗೆ ತಾವೇನು ಹೇಳಿದೆವೆಂಬುದನ್ನು ಆವಲಪ್ಪ ಆಮೇಲೆ ನೆನೆಯುತ್ತಾರೆ. "ಬೇಡವಾದರೆ ಎರಡು ಅಂತು. ಬೇಡ ಕಣಕ್ಕ, ಅಂದೆ. ಸೂಜಿ ಬೇಡ, ಗಾಡಿ ಬೇಡ, ಇನ್ ಮಲ್ಕೋ ಅಂದೆ. ಒತ್ತಿದೆ." ಅಕ್ಕನ ಹೆಸರನ್ನು ಪತ್ರಿಕೆಯ ಈ ಬರಹದಲ್ಲಿ ಹಾಕಬಹುದೇ ಎಂದು ಕೇಳಿದ್ದಕ್ಕೆ ಅವರು ಗಿರಣಿಯ ಸ್ವಿಚ್ಚಿನ ಮೇಲೆ ಕೈಯಿಟ್ಟುಕೊಂಡು ಉತ್ತರಿಸುತ್ತಾರೆ: "ಆಕಿ. ಯಾರಾದ್ರೂ ಜೋರಾಗಿ ಓದ್ಲಿ."

ಆ ಶನಿವಾರ ದ್ರೌಪದಮ್ಮನ ಗಾಡಿ ಹೊತ್ತಿಗೆ ಸರಿಯಾಗಿ ಬಂತು. ಅಂದಿನಿಂದ ತಪ್ಪಿಲ್ಲ. ಅಮ್ರೀನ್ ಎಂಬ ಹೆಸರು ಅವರಿಗೆ ಗೊತ್ತಿಲ್ಲ. ಗಾಡಿ ಯಾಕೆ ನಿಂತಿತ್ತೆಂದು ಕೇಳಿದರೆ ಡ್ರೈವರ್ ಮಲಗಿಬಿಟ್ಟಿದ್ದ ಎನ್ನುತ್ತಾರೆ. ಅವನಿಗೂ ಹಾಗೆಂದು ಬೈದಿದ್ದಾರೆ.

*

ಸರ್ವರ್ ಆಮೇಲೆ ಬಿದ್ದಿಲ್ಲ. ಗೋಪಾಲಮ್ಮನ ಹೆಸರನ್ನು ಮರುದಿನವೇ ಎಲ್ಲ ಕಡೆಯಿಂದ ತೆಗೆದಿದ್ದಾರೆ. ಆದರೂ ವಾರಗಳ ನಂತರ, ಬೇರೆ ಏನನ್ನೋ ಪರೀಕ್ಷಿಸಲು ಚೆನ್ನಾಗಿ ನಡೆಯುತ್ತಿದ್ದ ಸರ್ವರಿನ ನೆನಪನ್ನು ಇಳಿಸಿ ನೋಡುವಾಗ, ಯಾರೂ ಬಳಸದ ಒಂದು ಮೂಲೆಯಲ್ಲಿ ಅಮ್ರೀನ್‌ಗೆ ಅದು ಕಂಡಿದೆ. ಅರ್ಧ ಅಳಿಸಿದ ಹೆಸರು: ಪಾಲಮ್ಮ, ಸಿಂಗಾ. ಹೊಸದಾಗಿ ಎಬ್ಬಿಸಿದ ಸರ್ವರಿಗೆ ಅದು ಎಲ್ಲಿಂದ ಬಂತು ಎಂದು ಸಂಗಮೇಶ ಎರಡು ದಿನ ತಲೆ ಕೆಡಿಸಿಕೊಂಡರು. ದಾಖಲೆಯ ಹಳೆಯ ಪ್ರತಿಯೊಂದನ್ನು ಸರ್ವರ್ ಓದಿ ಬಿಟ್ಟ ಜಾಗವಿರಬೇಕು ಎಂದು ಈಗ ಇಬ್ಬರೂ ಒಪ್ಪಿಕೊಂಡಿದ್ದಾರೆ. ಬಿಟ್ಟುಕೊಟ್ಟ ಜಾಗವನ್ನು ಯಂತ್ರ ಗುಡಿಸುವುದಿಲ್ಲ, ಇನ್ನೊಂದು ಬಂದು ಕೂರುವವರೆಗೂ ಮೊದಲಿನದೇ ಅಲ್ಲಿರುತ್ತದೆ.

"ಒರೆಸ್ಬಹುದಿತ್ತು," ಎನ್ನುತ್ತಾರೆ ಅಮ್ರೀನ್. "ಇರ್ಲಿ ಬಿಡಿ. ಇನ್ಯಾರ್ದಾದ್ರೂ ಹೆಸರು ಬಂದಾಗ ತಾನಾಗೇ ಹೋಗುತ್ತೆ. ಅಲ್ಲೀವರೆಗೂ ಯಾರಿಗೇನು ತೊಂದ್ರೆ?"

ಅವರ ಒತ್ತಾಯದ ಮೇಲೆ ಈಗ ತೀರಿಕೊಂಡ ರೋಗಿಯ ಹೆಸರು ತೆಗೆಯುವ ಮುಂಚೆ ಕಂಪನಿಯಿಂದ ಮನೆಯವರಿಗೆ ಒಂದು ಫೋನು ಹೋಗುತ್ತದೆ. ಯಂತ್ರದ್ದಲ್ಲ, ಮನುಷ್ಯರದು. ಇನ್ನೇನು ಆಸೆ ಎಂದು ಕೇಳಿದರೆ ಅಮ್ರೀನ್ ಬಹಳ ಯೋಚಿಸಿ, ಎರಡು ಫೋನೂ ಸುಮ್ಮನಿರುವ ಒಂದು ಬೆಳಿಗ್ಗೆ ಬೇಕು ಎನ್ನುತ್ತಾರೆ. ತಮ್ಮದೊಂದೇ ಸುಮ್ಮನಿದ್ದರೆ ಸಾಲದು.

ಅಂಥದೊಂದು ಬೆಳಿಗ್ಗೆ ಈಚೆಗೆ ಬಂದಿತ್ತು. ಆಜಾನ್ ಮುಗಿಯಿತು, ಹಾಲಿನ ಗಾಡಿ ಹೋಯಿತು, ಕಿಟಕಿಯಲ್ಲಿ ಬೆಳಕು ಬಂತು. ಕಲ್ಲಿನ ಮೇಲೆ ಎರಡೂ ಫೋನುಗಳು ಅಲುಗದೆ ಬಿದ್ದಿದ್ದವು. ಅಭ್ಯಾಸಬಲದಿಂದ ಎಚ್ಚರವಾಗಿದ್ದ ಅಮ್ರೀನ್ ಎದ್ದು ಕುಳಿತು ಅವುಗಳನ್ನೇ ನೋಡುತ್ತಿದ್ದರು.

"ಕಿಸ್ಕಾ?" ಏನೂ ಹೊಡೆದುಕೊಳ್ಳದಿದ್ದರೂ ಮುಸುಕಿನೊಳಗಿಂದ ಅಕ್ಬರಿ ಕೇಳಿದರು.

"ಕಿಸ್ಕಾ ಭೀ ನೈ, ಅಮ್ಮಿ," ಎಂದರು ಅಮ್ರೀನ್. ಯಾರದೂ ಇಲ್ಲ.